ಹಡಗಿನ ಮಂಟಯ್ಯನಿಗೆ ಎಡೆ ಇಕ್ಕಲಿಲ್ಲ

ನರಸೀಪುರದ ಸಂಗಮದಲ್ಲಿ ಹರಿಗೋಲು ಹಾಕುವವರು ಎಷ್ಟೋ ಮಂದಿ ಇದ್ದರೂ, ಗೊತ್ತಿದ್ದವರು ಮಂಟೇಸ್ವಾಮಿಯ, ಅಂದರೆ ಜನ ಕರೆಯುವ ಹಡಗಿನ ಮಂಟಯ್ಯನ, ಹರಿಗೋಲು ಬರುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅವನು ಬೇರೆಯವರಿಗಿಂತ ಚೆನ್ನಾಗಿ ಹುಟ್ಟು ಹಾಕುತ್ತಿದ್ದ ಅಂತಲ್ಲ. ಅವನ ಹರಿಗೋಲಿನಲ್ಲಿ ದಾಟಿದರೆ ಒಂದು ಕಥೆ ಪುಕ್ಕಟೆ ಸಿಗುತ್ತಿತ್ತು. ಹಡಗು ಮುಳುಗಿಸಿಕೊಂಡು ಬಂದವನನ್ನು ನಂಬಿ ಹೊಳೆಗೆ ಇಳಿಯುವುದು ಧೈರ್ಯವೋ ದಡ್ಡತನವೋ ಎಂದು ಯಾರಾದರೂ ನಕ್ಕರೆ ಅವನೂ ನಗುತ್ತಿದ್ದ. "ಎದ್ರುಕಬ್ಯಾಡಿ ಸಾ. ಸಮುದ್ರಕ್ಕೇ ಬ್ಯಾಡ್ದೆ ಇದ್ದೋನು ನಾನು. ಈ ಒಳೆ ನನ್ನ ಮಡಿಕಂಡು ಏನ್ ಮಾಡದು?"

ನಂಜನಗೂಡಿನ ಕಡೆಯ ಹದಿನಾರು ಎಂಬ ಊರಲ್ಲಿ ಹುಟ್ಟಿದವನಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರೂ ಇದ್ದರು. ಸಂಬಂಧವೇನೂ ಇರಲಿಲ್ಲ, ಹೊಟ್ಟೆ ಎಳೆದುಕೊಂಡು ಹೋಗಿತ್ತು. ಅಪ್ಪ ಚಿಕ್ಕಮಾದು ಬೇಗ ತೀರಿಕೊಂಡ. ಅವ್ವ ಚಲುವಮ್ಮ ಕೂಲಿನಾಲಿ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಹಿರಿಯ ಮಂಟೇಸ್ವಾಮಿ ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ, ಸ್ವಲ್ಪ ದೊಡ್ಡವನಾದ ಮೇಲೆ ಮೇಸ್ತ್ರಿಯೊಬ್ಬನ ಹಿಂದೆ ಗಾರೆ ಕೆಲಸಕ್ಕೆಂದು ಬೊಂಬಾಯಿ ಸೇರಿದ. ಗಾರೆ ಕೆಲಸ ಬಿಟ್ಟು ಬಂದರಿನಲ್ಲಿ ಮೂಟೆ ಹೊತ್ತ. ಮೂಟೆ ಹೊರುತ್ತ ಹೊರುತ್ತ ಒಂದು ದಿನ ಮೂಟೆಯ ಜೊತೆ ತಾನೂ ಹಡಗು ಹತ್ತಿದ. ಈರುಳ್ಳಿ, ಸಿಮೆಂಟು, ಕುರಿ, ಏನು ಸಿಕ್ಕರೂ ತುಂಬಿಕೊಂಡು ಅರಬ್ಬರ ದೇಶಕ್ಕೆ ಹೋಗಿಬರುವ ಮರದ ಹಡಗು ಅದು. ಕಿರಿಯವನು ಶಿವಮೂರ್ತಿ ಅಣ್ಣನ ದುಡಿಮೆಯಲ್ಲಿ ಎಸೆಸೆಲ್ಸಿ ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು ಓಡಾಡುವುದನ್ನು ಕಲಿತ.

ಮಂಟೇಸ್ವಾಮಿಗೆ ಇಂದ್ರಾಣಿಯನ್ನು ತಂದದ್ದು ನರಸೀಪುರದ ಕಡೆಯಿಂದ. ಮಳೆಗಾಲದಲ್ಲಿ ಅಂಥ ಹಡಗುಗಳು ಸಮುದ್ರಕ್ಕೆ ಇಳಿಯುವುದಿಲ್ಲ, ದಡದಲ್ಲಿ ಕಟ್ಟಿಹಾಕುತ್ತಾರೆ. ಹಾಗಾಗಿ ಇಂದ್ರಾಣಿಗೆ ಮಳೆಗಾಲದಲ್ಲಿ ಮಾತ್ರ ಗಂಡ ಇರುತ್ತಿದ್ದ. ಕೇರಿಯ ಹೆಂಗಸರು ಮೋಡ ಕಂಡರೆ ಸಾಕು, "ಇಂದ್ರಾಣಿ, ನಿನ್ ಗಂಡ ಅಲ್ಲಿ ಬತ್ತಾವ್ನೆ ನೋಡು" ಎಂದು ಕಿಚಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಮಕ್ಕಳಾಗಿರಲಿಲ್ಲ. ಮೋಡ ಕರಗಿದರೆ ಅವನೂ ಇರುತ್ತಿರಲಿಲ್ಲವಲ್ಲ.

ಕೊನೆಗೆ ಊರಲ್ಲೇ ಉಳಿಯುವ ದಾರಿಯೊಂದು ಕಂಡಿತು. ನಂಜನಗೂಡಿನ ಹತ್ತಿರ ಅಪ್ಪನ ಕಾಲದ ಒಣಭೂಮಿ ಒಂದು ತುಂಡಿತ್ತು. ಅದನ್ನು ಫ್ಯಾಕ್ಟರಿಯೊಂದಕ್ಕೆ ತೆಗೆದುಕೊಂಡರು. ಜಮೀನು ಬಿಟ್ಟ ಮನೆಗೊಂದು ಕೆಲಸ, ಅದೂ ಮನೆಯ ಹಿರಿಯ ಮಗನಿಗೆ ಎಂದು ಮಾತಾಯಿತು. ಫ್ಯಾಕ್ಟರಿಯ ಗೋಡೆ ಇನ್ನೂ ಏಳುತ್ತಿತ್ತು. "ಇದೊಂದ್ ಟ್ರಿಪ್ಪು ಮುಗ್ಸಿ ಬಂದ್ಬುಡ್ತೀನಿ. ಆಮೇಲೆ ದಿನಾ ಸಂಜೆ ಮನೆ" ಎಂದು ಹೆಂಡತಿಗೆ ಹೇಳಿ ಮಂಟೇಸ್ವಾಮಿ ಹೊರಟ. ಅದು ತೊಂಬತ್ತಾರನೇ ಇಸವಿ.

ಮುಂಗಾರಿಗೆ ಮೊದಲಿನ ಆ ಕೊನೇ ಟ್ರಿಪ್ಪಿನಲ್ಲೇ ಬಿರುಗಾಳಿ ಬಡಿಯಿತು. ಹಡಗಿನ ಹೊಟ್ಟೆಯಲ್ಲಿ ಸಿಮೆಂಟು. ನೀರು ಕುಡಿದ ಸಿಮೆಂಟು ಯಾರ ಮಾತು ಕೇಳುತ್ತದೆ? ಹಡಗು ಒಂದು ಪಕ್ಕಕ್ಕೆ ವಾಲಿದ್ದು ಮತ್ತೆ ಏಳಲಿಲ್ಲ. ಉಳಿದವರು ಇಬ್ಬರೇ, ಮಂಟೇಸ್ವಾಮಿ ಮತ್ತು ಮಲ್ಪೆ ಕಡೆಯ ಅಡುಗೆಯವನು. ಒಂದೇ ಹಲಗೆಗೆ ಒಂದೇ ಹಗ್ಗದಲ್ಲಿ ಇಬ್ಬರೂ ಸೊಂಟ ಬಿಗಿದುಕೊಂಡು ತೇಲಿದರು. ಒಬ್ಬನಿಗೆ ಕಣ್ಣು ಮುಚ್ಚಿಬಂದರೆ ಇನ್ನೊಬ್ಬ ಕೆನ್ನೆಗೆ ಬಾರಿಸಿ ಎಬ್ಬಿಸುತ್ತಿದ್ದ. ಕಡೆಗೆ ಯಾವುದೋ ದೇಶದ ಮೀನುಗಾರರು ಎತ್ತಿಕೊಂಡು, ತಮ್ಮ ದಡದ ಪೋಲೀಸರ ಕೈಗೆ ಕೊಟ್ಟರು. ಅಲ್ಲಿ ಗಲಾಟೆಯ ಕಾಲ. ಕಾಗದಪತ್ರ ಇಲ್ಲದವರೆಲ್ಲ ಕಳ್ಳಸಾಗಣೆಯವರು ಎಂದು ಜೈಲಿಗೆ ಹಾಕಿದರು.

ಅಡುಗೆಯವನು ಜಾಣ. ತನ್ನ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡಿದ್ದ. ಅವನನ್ನು ಬೇಗ ಬಿಟ್ಟರು. ಹೊರಡುವಾಗ ಮಂಟೇಸ್ವಾಮಿಯ ಎರಡೂ ಕೈ ಹಿಡಿದುಕೊಂಡು, "ನಿನ್ನ ಊರಿಗೆ ನಾನೇ ಹೋಗಿ ಮನೆಯವರಿಗೆ ಹೇಳ್ತೇನೆ ಮಾರಾಯ. ನೀನು ಹೆದರಬೇಡ" ಎಂದ. ನಂಜನಗೂಡಿನಲ್ಲಿ ಇಳಿದು ಹದಿನಾರಿನ ಬಸ್ಸು ಎಲ್ಲಿ ಹಿಡಿಯಬೇಕು, ಇಳಿದ ಮೇಲೆ ಯಾರ ಮನೆ ಕೇಳಬೇಕು, ಎಲ್ಲವನ್ನೂ ಮಂಟೇಸ್ವಾಮಿ ಅವನಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿ ಕಳಿಸಿದ.

ಹರಿಗೋಲಿನಲ್ಲಿ ಹೇಳುವ ಕಥೆ ಈ ಜಾಗಕ್ಕೆ ಬಂದರೆ ಮಂಟೇಸ್ವಾಮಿಯ ಮುಖ ಗಂಟಾಗುತ್ತಿತ್ತು. "ಅವ್ನು ಬರ್ಲೇ ಇಲ್ಲ ಸಾ. ಒಂದೇ ಅಲಗೇಲಿ ತೇಲ್ದೋನು. ನಮ್ಮನೇಗೆ ಒಂದ್ ಮಾತು ತಲುಪಿಸಿದ್ರೆ ನನ್ ಬದುಕೇ ಬ್ಯಾರೆ ಆಗೋದು. ಅವ್ನ ಮನೆ ಆಳಾಗ" ಎಂದು ಹೊಳೆಗೆ ಉಗಿಯುತ್ತಿದ್ದ. ಕೂತವರೂ ತಮ್ಮ ಪಾಲಿನ ಒಂದೆರಡು ಬೈಗುಳ ಸೇರಿಸುತ್ತಿದ್ದರು.

ಮಂಟೇಸ್ವಾಮಿ ಜೈಲಿನಿಂದ ಬಿಡುಗಡೆಯಾಗಿ ಊರು ಸೇರಿದ್ದು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ. ಅಷ್ಟರಲ್ಲಿ ಊರಿನ ಲೆಕ್ಕದಲ್ಲಿ ಅವನು ಸತ್ತು ಮೂರು ವರ್ಷವಾಗಿತ್ತು. ಹಡಗು ಮುಳುಗಿದ ಕೂಡಲೇ ಅದರ ಯಜಮಾನನ ಕಡೆಯವನೊಬ್ಬ ಬಂದು, ಯಾರೂ ಉಳಿದಿಲ್ಲ ಎಂದು ಹೇಳಿ ಹೋಗಿದ್ದ. ಹೆಣ ಇಲ್ಲದ ಸಾವು. ಹುಲ್ಲಿನ ಗೊಂಬೆ ಮಾಡಿ ಅದನ್ನೇ ಮಣ್ಣು ಮಾಡಿದರು. ಶಿವಮೂರ್ತಿ ತಲೆ ಬೋಳಿಸಿಕೊಂಡು ಅಣ್ಣನ ತಿಥಿ ಮಾಡಿದ. ಇಂದ್ರಾಣಿಯ ತಾಳಿ ತೆಗೆದರು. ಹಿರಿಯ ಮಗ ಇಲ್ಲವಾದ್ದರಿಂದ ಫ್ಯಾಕ್ಟರಿ ಕೆಲಸ ಕಿರಿಯವನಿಗಾಯಿತು. ಒಂದು ವರ್ಷ ಕಳೆದ ಮೇಲೆ ಇಂದ್ರಾಣಿಯ ಅಪ್ಪನ ಮನೆಯವರು ಕೂಡಾವಳಿ ಮಾಡಿದರು. ಗಂಡ ಸತ್ತ ಹೆಣ್ಣಿಗೆ ಓಲಗ ಚಪ್ಪರ ಇಲ್ಲದೆ, ಹಿರಿಯರ ಮುಂದೆ ಸೀರೆ ಉಡಿಸಿ ಮಾಡುವ ಮದುವೆ ಅದು. ಗಂಡು ನರಸೀಪುರದ ಆಚೆಯ ಹಳ್ಳಿಯ ಚಿಕ್ಕಸ್ವಾಮಿ, ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು.

ಗಡ್ಡ ಬಿಟ್ಟುಕೊಂಡು ಬಾಗಿಲಲ್ಲಿ ನಿಂತ ಮಗನನ್ನು ನೋಡಿ ಚಲುವಮ್ಮ ಮೊದಲು ಮೊರ ಎಸೆದಳು. ಆಮೇಲೆ ಹತ್ತಿರ ಬಂದು ಅವನ ಕಿವಿ ಹಿಡಿದು ತಿರುಗಿಸಿ, ಕಿವಿಯ ಹಿಂದಿನ ಮಚ್ಚೆ ನೋಡಿ ಅಲ್ಲೇ ಕುಸಿದಳು. ಒಳಕ್ಕೆ ಕಾಲಿಡಲು ಹೋದರೆ ಕೇರಿಯ ಯಜಮಾನರು ತಡೆದರು. ತಿಥಿ ಆದವನು ಹೊಸ್ತಿಲು ದಾಟುವ ಹಾಗಿಲ್ಲ, ಮತ್ತೊಮ್ಮೆ ಹುಟ್ಟಬೇಕು. ನಂಜನಗೂಡಿಗೆ ಕರೆದುಕೊಂಡು ಹೋಗಿ ಕಪಿಲೆಯಲ್ಲಿ ಮುಳುಗಿಸಿ, ತಲೆ ಮೀಸೆ ಬೋಳಿಸಿ, ಅವ್ವನ ತೊಡೆಯ ಮೇಲೆ ಮಲಗಿಸಿದರು. ಅವಳು ಎಳೆಗೂಸಿಗೆ ಹಾಕುವ ಹಾಗೆ ಬಾಯಿಗೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು, ಕಿವಿಯಲ್ಲಿ ಮಂಟೇಸ್ವಾಮಿ ಎಂದು ಅದೇ ಹೆಸರನ್ನು ಮತ್ತೆ ಇಟ್ಟಳು. ಅಂಥ ಆಳು ಅವ್ವನ ತೊಡೆಯ ಮೇಲೆ ಮುದುಡಿಕೊಂಡು ಮಲಗಿದ್ದನ್ನು ನೋಡಿ ಸ್ನಾನಘಟ್ಟದಲ್ಲಿದ್ದವರೆಲ್ಲ ನಕ್ಕರು. ಶಿವಮೂರ್ತಿಯೊಬ್ಬ ನಗಲಿಲ್ಲ. ಅಣ್ಣನ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಎಂಥ ತಮ್ಮ ಎಂದು ಜನ ಹೊಗಳಿದರು.

ಇಂದ್ರಾಣಿಯ ಮಾತು ಬಂತು. ಮೊದಲ ಗಂಡ ಜೀವಂತ ಬಂದರೆ ಹೆಣ್ಣನ್ನು ಕೇಳುವ ಹಕ್ಕು ಅವನಿಗಿದೆ, ಬೇಕಾದರೆ ಕೂಡಿಸೋಣ ಎಂದರು ಯಜಮಾನರು. ಮಂಟೇಸ್ವಾಮಿ ಒಬ್ಬನೇ ಅವಳ ಊರಿಗೆ ಹೋದ. ಅವಳು ತುಂಬಿದ ಬಸುರಿ. ಇವನನ್ನು ಕಂಡವಳೇ ಕಂಬ ಹಿಡಿದುಕೊಂಡು ಗೋಳೋ ಎಂದು ಅತ್ತಳು. "ನಿಂದೇನೂ ತಪ್ಪಿಲ್ಲ ಕಣೆ, ಸುಮ್ಕಿರು" ಎಂದ ಅವನು. ಅವಳು ಇನ್ನೂ ಜೋರಾಗಿ ಅತ್ತಳು. ಅಷ್ಟು ಅಳುವವಳು ತನ್ನನ್ನು ಮರೆತಿಲ್ಲ ಎಂಬುದೊಂದೇ ಅವನಿಗೆ ಸಾಕಾಯಿತು. ಬಸುರಿ ಹೆಂಗಸನ್ನು ಎಳೆದಾಡಬೇಡಿ ಎಂದು ಯಜಮಾನರಿಗೆ ಹೇಳಿಬಿಟ್ಟ. ಮತ್ತೆ ಮದುವೆಯಾಗಲಿಲ್ಲ. ಹರಿಗೋಲಿನ ಕೆಲಸ ನರಸೀಪುರದಲ್ಲೇ ಯಾಕೆ ಹಿಡಿದ ಎಂದು ಕೇಳಿದವರಿಗೆ, ಅಲ್ಲಿ ಜನ ಜಾಸ್ತಿ ಎನ್ನುತ್ತಿದ್ದ. ಇಂದ್ರಾಣಿ ತನ್ನ ಮಗಳು ಧನುಶ್ರೀಯನ್ನು ಕರೆದುಕೊಂಡು ಸಂತೆಗೆ ಬಂದರೆ ಒಂದು ಮಾತು, ಚಿಕ್ಕಸ್ವಾಮಿ ಸಿಕ್ಕಿದರೆ ಒಂದು ಕಾಫಿ. ಇಂದ್ರಾಣಿ ಇವನನ್ನು ಏನೆಂದು ಕರೆಯಬೇಕೋ ತಿಳಿಯದೆ, ಏನೂ ಕರೆಯದೆಯೇ ಮಾತಾಡುತ್ತಿದ್ದಳು.

ಇಷ್ಟೆಲ್ಲ ಕಳೆದುಕೊಂಡವನು ಹೇಗೆ ನಗುತ್ತಾನೆ ಎಂದು ಜನಕ್ಕೆ ಆಶ್ಚರ್ಯ. ಅವನು ಒಂದೇ ಒಂದು ನಂಬಿಕೆಯ ಮೇಲೆ ಬದುಕಿದ್ದ: ಕೆಡುಕು ಮಾಡಿದ್ದು ಸಮುದ್ರ, ಮಾತು ತಪ್ಪಿದ್ದು ಅಡುಗೆಯವನು, ಮನೆಯವರು ಯಾರೂ ಅಲ್ಲ. ಅವರು ಅತ್ತಿದ್ದಾರೆ, ತಿಥಿ ಮಾಡಿದ್ದಾರೆ, ಗೊತ್ತಿಲ್ಲದೆ ಎಡವಿದ್ದಾರೆ. ಆ ನಂಬಿಕೆ ಇರುವ ತನಕ ಅವನಿಗೆ ಉಂಡ ಅನ್ನ ಮೈಗೆ ಹತ್ತುತ್ತಿತ್ತು. ಶಿವಮೂರ್ತಿಯಂತೂ ಫ್ಯಾಕ್ಟರಿ ಸಂಬಳದಲ್ಲಿ ತಾರಸಿ ಮನೆ ಕಟ್ಟಿಸಿದ ಮೇಲೆ ಅವ್ವನನ್ನೂ ಅಣ್ಣನನ್ನೂ ಅಲ್ಲಿಗೇ ಕರೆದುಕೊಂಡ. ಯುಗಾದಿಗೆ ತನಗೆ ಬಟ್ಟೆ ತೆಗೆಯುವ ಮೊದಲು ಅಣ್ಣನಿಗೆ ತೆಗೆಯುತ್ತಿದ್ದ. ರಾಮ ಲಕ್ಷ್ಮಣರ ಹಾಗಿದ್ದಾರೆ ಎನ್ನುತ್ತಿತ್ತು ಊರು. ಊರಿಗೇನು, ಕಣ್ಣಿಗೆ ಕಂಡದ್ದನ್ನು ಹೇಳುತ್ತದೆ.

ಎರಡು ಸಾವಿರದ ನಾಲ್ಕರ ಹಿರಿಯರ ಹಬ್ಬ ಬಂತು. ಆ ಕಡೆಯ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಅದಕ್ಕೆ ಎಡೆ ಇಕ್ಕುವುದು ಎನ್ನುತ್ತಾರೆ. ಶಿವಮೂರ್ತಿಯ ನಡುಮನೆಯಲ್ಲಿ ಅಪ್ಪ ಚಿಕ್ಕಮಾದುವಿಗೆ ಎಡೆ ಸಿದ್ಧವಾಗುತ್ತಿತ್ತು. ಪಂಚೆ, ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಶಿವಮೂರ್ತಿ ಬಗ್ಗಿ ಲೋಟಕ್ಕೆ ಬ್ರಾಂದಿ ಸುರಿಯುತ್ತಿದ್ದ. ಹಬ್ಬದ ಖುಷಿಯಲ್ಲಿದ್ದ ಮಂಟೇಸ್ವಾಮಿಗೆ ತಮಾಷೆ ಮಾಡಬೇಕೆನಿಸಿತು.

"ಅವ್ವ, ನಾನು ಸತ್ತಿದ್ನಲ್ಲ, ಆಗ ನಂಗೇನೇನ್ ಇಕ್ಕಿದ್ದೆ? ಕೋಳಿನಾ, ಒಣಮೀನಾ?"

ಚಲುವಮ್ಮ ಎಲೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಎಲ್ಲಿ ಇಕ್ಕಿದ್ನಪ್ಪ. ನಿಂಗೆ ಎಡೆನೇ ಇಕ್ಕಿಲ್ಲ."

"ಯಾಕವ್ವ, ಅಷ್ಟೂ ಗತಿ ಇರ್ನಿಲ್ವಾ?"

"ಗತಿ ಇತ್ತು ಕನ ಮೊಗ. ನಿಂಗೇ ಅಂತ ನೀಲಿ ಗೆರೆ ಸಲ್ಟು ತಂದಿದ್ದೆ. ಕೋಳಿ ಕುಯ್ಸಿದ್ದೆ. ಎಲೆ ಆಕ್ಕಂಡು ಕುಂತಿದ್ದೆ. ಇವ್ನು ಬಂದು ಎಲೆನೇ ಎಳ್ದಾಕ್ಬುಟ್ಟ. ನೀರಲ್ಲಿ ಓದೋರ್ಗೆ ಮನೇಲಿ ಎಡೆ ಇಕ್ಬಾರ್ದಂತೆ, ನಂಜನಗೂಡಲ್ಲಿ ತಿಳ್ದೋರ್ನ ಕೇಳ್ಕಂಡ್ ಬಂದಿವ್ನಿ ಅಂದ. ನೀ ಬರೋಗಂಟ ಒಂದ್ ವರ್ಷನೂ ಇಕ್ಕಗೊಡ್ನಿಲ್ಲ. ನಾನು ಅತ್ಕಂಡು ಸುಮ್ಕಾದೆ."

ಬ್ರಾಂದಿ ಲೋಟದ ಹೊರಗೆ ಬಿತ್ತು. ಶಿವಮೂರ್ತಿ ಅದನ್ನು ಒರೆಸಲು ಬಟ್ಟೆ ಹುಡುಕಿಕೊಂಡು ಒಳಗೆ ಹೋದ.

ಮಂಟೇಸ್ವಾಮಿಯ ನಗು ಅರ್ಧಕ್ಕೇ ನಿಂತಿತು. ನೀರಲ್ಲಿ ಹೋದವರಿಗೆ ಎಡೆ ಇಲ್ಲ ಎಂಬ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೊಳೆಗೆ ಬಿದ್ದು ಹೋದ ಅವ್ವನ ತಮ್ಮನಿಗೆ ವರ್ಷ ವರ್ಷ ಎಡೆ ಇಕ್ಕುವುದನ್ನು ಕಂಡಿದ್ದ. ಅವನು ಕೇಳಿ ಬೆಳೆದದ್ದು ಬೇರೆ ಮಾತು: ಬದುಕಿರುವವನ ಹೆಸರಿಗೆ ಎಡೆ ಇಕ್ಕಬಾರದು, ಇಕ್ಕಿದರೆ ಅವನು ಎಲ್ಲೇ ಇರಲಿ, ಮುಂದಿನ ಹಬ್ಬ ಕಾಣುವುದಿಲ್ಲ. ಮಿಲಿಟರಿಗೆ ಹೋದವನಿಂದ ಸುದ್ದಿ ಬರದೆ ಎಷ್ಟು ವರ್ಷವಾದರೂ ಹೆತ್ತವರು ಎಡೆಗೆ ಮಾತ್ರ ಕೈ ಹಾಕದೆ ಕಾಯುತ್ತಿದ್ದ ಊರದು. ತಿಥಿ ಒಂದು ಸಲದ್ದು, ತಪ್ಪಾದರೆ ಕಪಿಲೆಯಲ್ಲಿ ತೊಳೆದುಕೊಳ್ಳಬಹುದು. ಎಡೆ ಹಾಗಲ್ಲ. ತಲೆ ಬೋಳಿಸಿಕೊಂಡು ತಿಥಿ ಮಾಡಿದವನು ಎಡೆಯ ಎಲೆಯನ್ನು ಎಳೆದು ಹಾಕಿದ್ದಾನೆ ಎಂದರೆ, ತಿಥಿಗೂ ಹಬ್ಬಕ್ಕೂ ನಡುವೆ ಅವನಿಗೆ ಏನೋ ಗೊತ್ತಾಗಿದೆ.

ಮಂಟೇಸ್ವಾಮಿ ಎಲ್ಲರ ಜೊತೆ ಅಪ್ಪನ ಎಡೆಗೆ ಕೈ ಮುಗಿದ. ಊಟವಾದ ಮೇಲೆ ತಮ್ಮನನ್ನು ನಾಲೆ ಏರಿಯ ಮೇಲಕ್ಕೆ ಕರೆದುಕೊಂಡು ಹೋದ.

"ನಾನ್ ಬದುಕಿವ್ನಿ ಅಂತ ನಿಂಗೆ ಯಾವತ್ ಗೊತ್ತಾಯ್ತು ಶಿವ?"

"ಯಾರ್ ಯೋಳುದ್ರು ಅಣ್ಣ?" ಎಂದ ಶಿವಮೂರ್ತಿ.

"ಈಗ ನೀನೇ ಯೋಳ್ದಲ್ಲ."

ಶಿವಮೂರ್ತಿ ಏರಿಯ ಮೇಲೆ ಕೂತುಬಿಟ್ಟ. ಹುಲ್ಲು ಕೀಳುತ್ತ ಕೀಳುತ್ತ ಹೇಳಿದ. ಅಡುಗೆಯವನು ಬಂದಿದ್ದ. ತಿಥಿ ಮುಗಿದು ಒಂದೆರಡು ತಿಂಗಳಾಗಿತ್ತು. ಮನೆ ಕೇಳಿಕೊಂಡು ಬಂದು, ಜಗಲಿಯ ಮೇಲೆ ಕೂತು, ನಿಮ್ಮಣ್ಣ ಇಂಥ ಕಡೆ ಜೈಲಲ್ಲಿದ್ದಾನೆ, ಯಾರಾದರೂ ದೊಡ್ಡವರನ್ನು ಹಿಡಿದು ಬಿಡಿಸಿಕೊಳ್ಳಿ ಎಂದು ಹೇಳಿ ಹೋದ. ಚಲುವಮ್ಮ ಆಗ ಕಳೆ ಕೀಳುವುದಕ್ಕೆ ಹೋಗಿದ್ದಳು. ಕೇರಿಯವರು ಅವನನ್ನು ಯಾರೋ ಇನ್ಶೂರೆನ್ಸಿನವನು ಎಂದುಕೊಂಡರು.

"ಮನೇಲಿ ಯಾರ್ ಯಾರಿದ್ರಿ?"

ಶಿವಮೂರ್ತಿ ನಾಲೆಯ ನೀರು ನೋಡಿದ. "ನಾನೊಬ್ನೆಯ."

"ಅವ್ವನಿಗಾದ್ರೂ ಯೋಳಬಾರ್ದಾಗಿತ್ತಾ?"

"ಕೆಲ್ಸದ ಆರ್ಡ್ರು ಆಗಷ್ಟೇ ಬಂದಿತ್ತಣ್ಣ. ನೀ ಬದುಕಿದ್ದೀಯ ಅಂದ್ರೆ ಇಂದಕ್ಕೆ ತಕಬುಡೋರು. ಪರ್ಮನೆಂಟ್ ಆಗ್ಲಿ, ಆಮೇಲೆ ಯೋಳನ ಅಂದ್ಕಂಡೆ. ಅಷ್ಟೊತ್ಗೆ ಅತ್ತಿಗೆಗೆ ಕೂಡಾವಳಿ ಆಗೋಯ್ತು. ಆಮೇಕೆ ಯಾವ್ ಬಾಯಲ್ಲಿ ಯೋಳ್ಲಿ?"

"ಅಷ್ಟೆಲ್ಲಾ ಮಾಡ್ದೋನು, ಎಡೆ ಒಂದ್ ಇಕ್ಕುಸಕ್ಕೆ ಏನಾಗಿತ್ಲಾ ನಿಂಗೆ?"

ಶಿವಮೂರ್ತಿ ಅಳುತ್ತಿದ್ದ. "ನಿನ್ ಜೀವಕ್ಕೆ ಏನಾರ ಆಗ್ಬುಟ್ರೆ ಅಣ್ಣ?"

ಅಣ್ಣನ ಜೀವ ಬೇಕು, ಅಣ್ಣ ಬೇಡ. ಇಂಥ ಪ್ರೀತಿಗೆ ಬೆಂಕಿ ಹಾಕಬೇಕು. ಜೈಲಿನಲ್ಲಿ ಕೊಳೆಯಲಿ, ಹೆಂಡತಿ ಪರರ ಪಾಲಾಗಲಿ, ಹೆತ್ತವಳು ಹುಲ್ಲಿನ ಗೊಂಬೆಯನ್ನು ತಬ್ಬಿಕೊಂಡು ಅಳಲಿ, ಆದರೆ ಎಲ್ಲೋ ಒಂದು ಕಡೆ ಕ್ಷೇಮವಾಗಿ ಉಸಿರಾಡುತ್ತಿರಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೊಡೆಯಬೇಕೆಂದು ಎತ್ತಿದ ಕೈಯನ್ನು ಮಂಟೇಸ್ವಾಮಿ ಹಾಗೇ ಇಳಿಸಿದ. ಅವನಿಗೆ ಅಡುಗೆಯವನ ಮುಖ ನೆನಪಾಯಿತು. ಮಲ್ಪೆಯಿಂದ ಬಸ್ಸು ಬದಲಾಯಿಸಿಕೊಂಡು, ಗೊತ್ತಿಲ್ಲದ ಸೀಮೆಗೆ ಬಂದು, ಕೊಟ್ಟ ಮಾತು ಉಳಿಸಿಕೊಂಡು ಹೋದವನನ್ನು ತಾನು ಐದು ವರ್ಷ ಹೊಳೆಯ ಎರಡೂ ದಡದ ಜನರ ಮುಂದೆ ಬೈದಿದ್ದ. ಹುಡುಕಿಕೊಂಡು ಹೋಗಿ ಕಾಲು ಹಿಡಿಯೋಣವೆಂದರೆ ಅವನ ಮನೆ ಎಲ್ಲೆಂದು ಕೇಳಿಟ್ಟುಕೊಂಡಿರಲಿಲ್ಲ. ತನ್ನ ಮನೆಯ ಗುರುತು ಹೇಳುವುದರಲ್ಲೇ ಹೊತ್ತು ಹೋಗಿತ್ತು.

ಅವ್ವನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಚಲುವಮ್ಮ ಕಿರಿಯ ಮಗನ ಮುಖವನ್ನೂ ನೋಡಲಿಲ್ಲ. ತನ್ನ ಸೀರೆ ಗಂಟು ಕಂಕುಳಲ್ಲಿ ಇರುಕಿಕೊಂಡು, ಪಕ್ಕದಲ್ಲೇ ಇದ್ದ ಹಳೇ ಹೆಂಚಿನ ಮನೆಯ ಬೀಗ ತೆಗೆಸಿ, ಒಲೆ ಹಚ್ಚಿದಳು. ಆ ಸಂಜೆ ಉಂಡದ್ದು ಅವರಿಬ್ಬರೇ.

"ಆ ಎಣ್ಣಿಗೂ ಓಗಿ ಯೋಳ್ಬುಟ್ಟು ಬಾ ಮೊಗ" ಎಂದಳು. "ನಿನ್ನಂಗೆ ಅವಳ್ಗೂ ಮೋಸ ಆಗದೆ. ತಾಳಿ ತೆಗಿವಾಗ ಎಂಗ್ ಗೋಳಾಡುದ್ಲು ಅಂತ ನಾನ್ ಕಂಡಿವ್ನಿ. ಯಾರ್ ಮಾಡುದ್ರು ಅಂತ ಅವಳ್ಗೂ ಗೊತ್ತಾಗ್ಲಿ."

ಮಂಟೇಸ್ವಾಮಿಗೂ ಬೇಕಾದದ್ದು ಅದೇ. ಅವನಿಗೆ ತಮ್ಮನ ಮೇಲೆ ಸೇಡು ಬೇಡವಾಗಿತ್ತು. ತನ್ನಂತೆಯೇ ಮೋಸಹೋದ ಇನ್ನೊಂದು ಜೀವದ ಎದುರು ಕೂತು ಒಂದು ಸಲ ಎದೆ ಬಿಚ್ಚಬೇಕಿತ್ತು. ನಮ್ಮಿಬ್ಬರದೂ ಒಂದೇ ಗಾಯ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿ ಎದ್ದು ಬಂದರೆ ಸಾಕು, ಅವಳ ಸಂಸಾರ ಅವಳಿಗಿರಲಿ. ಮಾರನೇ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಎಲ್ಲಿಂದ ಶುರು ಮಾಡುವುದು ಎಂದು ಮಾತು ಜೋಡಿಸಿಕೊಂಡ.

ಚಿಕ್ಕಸ್ವಾಮಿ ಮನೆಯಲ್ಲೇ ಇದ್ದ. ಆಲೆಮನೆಗೆ ಹಬ್ಬದ ರಜ. ಇವನನ್ನು ಕಂಡವನೇ ಚಾಪೆ ಹಾಸಿದ. ಧನುಶ್ರೀ ಸ್ಕೂಲಿಗೆ ಹೋಗಿದ್ದಳು. ಇಂದ್ರಾಣಿ ಒಲೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಒಂದ್ ವಿಚಾರ ಯೋಳನ ಅಂತ ಬಂದೆ" ಎಂದ ಮಂಟೇಸ್ವಾಮಿ.

"ಯೋಳೀರಂತೆ ಕುಂತ್ಕಳಿ ಅಣ್ಣ. ಅಬ್ಬ ಎಂಗಾಯ್ತು ನಿಮ್ಮೂರಲ್ಲಿ? ನಮ್ದು ಜೋರಾಗೇ ಆಯ್ತು. ಎಡೆ ಇಕ್ಕುವಾಗೆಲ್ಲ ನಿಮ್ಮನ್ನ ನೆನಸ್ಕಂಡು ನಗ್ತೀನಿ ನಾನು" ಎಂದ ಚಿಕ್ಕಸ್ವಾಮಿ. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲು ಬಾರದ ಮನುಷ್ಯ. "ಬೇಜಾರ್ ಮಾಡ್ಕಬ್ಯಾಡಿ. ಕೂಡಾವಳಿ ಮಾಡ್ಕಂಡೋರ ಮನೇಲಿ ಮೊದ್ಲ ಗಂಡನಿಗೆ ಮೊದ್ಲ ಎಡೆ ಇಕ್ಬೇಕು. ಇಲ್ದೆ ಓದ್ರೆ ಅವ್ನು ಸೂರಿನ ಮ್ಯಾಲೆ ಕುಂತ್ಕಂಡು ಕಾಡ್ತಾನೆ ಅಂತ ನಮ್ಮವ್ವ ಯೋಳೋಳು. ಇವಳು ಬಂದ್ ಮೊದ್ಲ ವರ್ಷ ನಿಮ್ ಎಸರಿಗೆ ಪಂಚೆ ಎಲ್ಲಾ ತಂದಿದ್ದೆ. ಇವಳು ಒಪ್ಲೇ ಇಲ್ಲ ಅಣ್ಣ. ಎಲೆ ಕಿತ್ಕಂಡು ಈಚಿಗೆ ಎಸ್ದುಬುಟ್ಲು. ನಮ್ಮವ್ವ ಬೈದ್ಲು, ನಾನ್ ಬೈದೆ, ಊಹೂಂ. ಒಳ್ಳೇದೇ ಆಯ್ತು ಬುಡಿ, ನೀವು ಬದುಕಿದ್ರಲ್ಲ. ಎಣ್ಣುಮಕ್ಕಳ್ಗೆ ಒಳಮನಸು ಯೋಳ್ಬುಡ್ತದೆ ನೋಡಿ."

ಅವನು ನಗುತ್ತಲೇ ಎದ್ದು, ಊಟ ಮಾಡಿಕೊಂಡೇ ಹೋಗಬೇಕು, ಕೋಳಿ ಹಿಡಿದುಕೊಂಡು ಬರುತ್ತೇನೆ ಎಂದು ಹಿತ್ತಿಲಿಗೆ ಹೋದ.

ಅವರೆಕಾಯಿ ಬಿಡಿಸುವ ಸದ್ದು ನಿಂತಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಮಂಟೇಸ್ವಾಮಿಯ ಬಾಯಿಗೆ ಬರಲಿಲ್ಲ. ಒಳಮನಸ್ಸಂತೆ. ಅವನು ಇಂದ್ರಾಣಿಯನ್ನೇ ನೋಡಿದ.

"ಅಡುಗೆಯವ್ನು ಬಂದಾಗ ನೀನೂ ಮನೇಲಿದ್ದೆ" ಎಂದ.

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಅವ್ನಿಗೆ ನೀರ್ ಕೊಟ್ಟೋಳೇ ನಾನು" ಎಂದಳು.

ಹೊರಗೆ ಚಿಕ್ಕಸ್ವಾಮಿ ಕೋಳಿಯ ಹಿಂದೆ ಓಡಾಡುತ್ತಿದ್ದ. ಇಂದ್ರಾಣಿ ದನಿ ತಗ್ಗಿಸಿ, ಮೊರದ ಕಡೆ ನೋಡುತ್ತ ಹೇಳಿದಳು. "ಸತ್ತೋದ್ರು ಅಂದಾಗ ಗೋಳಾಡ್ದೆ. ಅದು ಸುಳ್ಳಲ್ಲ. ಆಮೇಲೆ ಅವ್ನು ಬಂದು ಬದುಕವ್ರೆ, ಯಾವತ್ ಬುಡ್ತಾರೋ ಗೊತ್ತಿಲ್ಲ ಅಂದ. ನಂಗೆ ಸಂತೋಸ ಆಗ್ನಿಲ್ಲ. ತಿರ್ಗ ಕಾಯ್ಬೇಕಲ್ಲ ಅನ್ನುಸ್ತು. ಮದ್ವೆ ಆದಾಗಿಂದ ಅದೊಂದೇ ಮಾಡಿದ್ದು ನಾನು. ಮೈದ್ನ, ಯೋಳದ್ ಬ್ಯಾಡ ಅಂದ್ರು. ನಾನೂ ಊಂ ಅಂದೆ."

"ಅತ್ತೆಲ್ಲ ನೀನು. ನಾನ್ ಬಂದ್ ನಿಂತಾಗ ಆ ಕಂಬ ಇಡ್ಕಂಡು ಅತ್ತೆಲ್ಲ."

"ಎದ್ರಿಕೆಗೆ ಅತ್ತಿದ್ದು" ಎಂದಳು ಇಂದ್ರಾಣಿ. "ನಿಂದೇನೂ ತಪ್ಪಿಲ್ಲ ಅಂದ್ರಲ್ಲ. ಅದ್ಕೆ ಜಾಸ್ತಿ ಅತ್ತೆ."

ಶಿವಮೂರ್ತಿ ಮಾಡಿದ್ದು ಕೆಲಸದ ಆಸೆಗೆ. ಆಸೆ ಎನ್ನುವುದು ಮಂಟೇಸ್ವಾಮಿಗೆ ಅರ್ಥವಾಗುತ್ತಿತ್ತು, ಬೈಯಲೂ ಬರುತ್ತಿತ್ತು. ಇದಕ್ಕೆ ಏನನ್ನುವುದು? ಅವಳು ಏನನ್ನೂ ದೋಚಲಿಲ್ಲ. ಅವನು ಬದುಕಿದ್ದಾನೆ ಎಂಬ ಸುದ್ದಿ ಅವಳಿಗೆ ಬೇಡವಾಗಿತ್ತು, ಅಷ್ಟೆ. ಜೈಲಿನ ಗೋಡೆಗೆ ಒರಗಿಕೊಂಡು, ಈ ಹೊತ್ತಿಗೆ ಇಂದ್ರಾಣಿಗೆ ನನ್ನ ಸುದ್ದಿ ತಲುಪಿರುತ್ತದೆ, ಒಂದು ತುತ್ತು ನೆಮ್ಮದಿಯಾಗಿ ಉಂಡಿರುತ್ತಾಳೆ ಎಂದು ಲೆಕ್ಕ ಹಾಕಿ ಹಾಕಿ ಅವನು ಬದುಕಿಕೊಂಡಿದ್ದ. ಸುದ್ದಿ ತಲುಪಿತ್ತು ನಿಜ.

"ಅವ್ರಿಗೆ ಗೊತ್ತಿಲ್ಲ" ಎಂದಳು ಅವಳು, ಹಿತ್ತಿಲ ಕಡೆ ಕಣ್ಣು ತೋರಿಸಿ.

ಚಿಕ್ಕಸ್ವಾಮಿ ಕೋಳಿಯ ಕಾಲು ಹಿಡಿದುಕೊಂಡು ಗೆದ್ದವನಂತೆ ಒಳಗೆ ಬಂದ. "ಅದೇನೋ ವಿಚಾರ ಅಂದ್ರಲ್ಲ ಅಣ್ಣ?"

"ಏನಿಲ್ಲ. ಅವ್ವ ನಿಮ್ಮನ್ನೆಲ್ಲ ನೋಡ್ಕಂಡ್ ಬಾ ಅಂದ್ಲು" ಎಂದ ಮಂಟೇಸ್ವಾಮಿ. ಆ ಮನೆಯಲ್ಲಿ ಮೋಸ ಗೊತ್ತಿಲ್ಲದವನು ಚಿಕ್ಕಸ್ವಾಮಿಯೊಬ್ಬನೇ ಎಂದು ಅವನ ಮಾತಿಗೆ ಕಟ್ಟುಬಿದ್ದು ಊಟಕ್ಕೆ ಕೂತ. ಇಂದ್ರಾಣಿ ಬಡಿಸಿದಳು. ಅವನು ಮುದ್ದೆಯನ್ನು ನೀರು ಕುಡಿದು ಕುಡಿದು ನುಂಗಿದ.

ವಾಪಸು ಬರುವಾಗ ಬಸ್ಸು ಸಂಗಮದ ಸೇತುವೆ ದಾಟಿತು. ಕೆಳಗೆ ಹರಿಗೋಲಿನವರು ಇವನನ್ನು ಕಂಡು ಕೈ ಬೀಸಿದರು. ಇವನು ಬೀಸಲಿಲ್ಲ. ಅವನಿಗೆ ಅವ್ವನ ನೀಲಿ ಗೆರೆಯ ಶರ್ಟು ಕಣ್ಣಿಗೆ ಕಟ್ಟಿತ್ತು. ಅವನ ಮನೆಯವರಲ್ಲಿ ಅವನನ್ನು ಸತ್ತನೆಂದೇ ನಂಬಿ ಎಡೆ ಇಕ್ಕಲು ಹೊರಟವಳು ಅವಳೊಬ್ಬಳೇ. ಮಿಕ್ಕಿಬ್ಬರೂ ಅವನು ಬದುಕಿದ್ದಾನೆಂದು ಗೊತ್ತಿದ್ದೇ ಸಾಯಿಸಿದ್ದರು.

ಚಲುವಮ್ಮ ಹೆಂಚಿನ ಮನೆಯ ಜಗಲಿಯ ಮೇಲೆ ಕಾಯುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಯೋಳ್ದಾ?"

"ಯೋಳ್ದೆ ಕಣವ್ವ."

"ಅತ್ಲಾ?"

ಮಂಟೇಸ್ವಾಮಿ ಕಂಬಕ್ಕೆ ಒರಗಿ ಕೂತ. ಆ ಮುದುಕಿ ಈ ಎರಡು ದಿನದಲ್ಲಿ ಒಬ್ಬ ಮಗನನ್ನು ಕಳೆದುಕೊಂಡಿದ್ದಳು. ಸೊಸೆ ಒಬ್ಬಳಾದರೂ ತನ್ನ ಜೊತೆಗೆ ಅತ್ತವಳು ಎಂದುಕೊಂಡು ಕೂತಿದ್ದಳು.

"ಅತ್ಲು ಕಣವ್ವ. ಬೋ ಅತ್ಲು."

"ಅಳ್ದೆ ಇರ್ತಾಳಾ" ಎಂದಳು ಚಲುವಮ್ಮ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ. "ನಿನ್ ಮ್ಯಾಲೆ ಜೀವ ಮಡಿಕಂಡಿದ್ಲು ಅವ್ಳು." ಎದ್ದು ಅವನಿಗೆ ಕಾಲು ತೊಳೆಯಲು ನೀರು ತರುವುದಕ್ಕೆ ಒಳಗೆ ಹೋದಳು.

ಅಲ್ಲಿಗೆ ಚಲುವಮ್ಮನಿಂದ ನಿಜ ಮುಚ್ಚಿಟ್ಟವರು ಮೂವರಾದರು.